ಹಗುರ ಹೆಡ್‌ಫೋನನ್ನು ಆರಿಸುವುದು, ಕರಾವಳಿಯಲ್ಲಿ ಬಾಳಿಸುವುದು

ತಲೆಯ ಮೇಲೆ ತೆಳುವಾದ ಪಟ್ಟಿಯೊಂದಿದ್ದು, ಕಿವಿಯನ್ನು ಪೂರ್ತಿಯಾಗಿ ಮುಚ್ಚದೆ ಅದರ ಮೇಲೆ ಸ್ಪಂಜಿನ ಮೆತ್ತೆಯನ್ನೂರಿ ಕುಳಿತುಕೊಳ್ಳುವ, 100 ಗ್ರಾಮಿಗಿಂತ ಕಡಿಮೆ ತೂಗುವ ಹೆಡ್‌ಫೋನುಗಳ ಬಗ್ಗೆ ಈ ಬರಹ. ಕಿವಿಗೆ ಬಟ್ಟಲು ಕವುಚಿಟ್ಟಂತೆ ಮುಚ್ಚುವ ದೊಡ್ಡ ಹೆಡ್‌ಫೋನುಗಳು ಸಾಮಾನ್ಯವಾಗಿ 200ರಿಂದ 300 ಗ್ರಾಂ ತೂಗುತ್ತವೆ. ಅವುಗಳ ನಾದದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೇ ತಿಂಗಳ ಮಂಗಳೂರಿನಲ್ಲಿ ಅಂಥದ್ದನ್ನು ಅರ್ಧ ಗಂಟೆ ಹಾಕಿಕೊಂಡು ಕುಳಿತವರಿಗೆ ಕಿವಿಯ ಸುತ್ತ ಬೆವರು ಇಳಿಯುವ ಸುಖವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಗುರ ಹೆಡ್‌ಫೋನಿನಲ್ಲಿ ಗಾಳಿಯಾಡುತ್ತದೆ, ಬಾಗಿಲು ತಟ್ಟಿದ್ದು ಕೇಳುತ್ತದೆ, ಒಲೆಯ ಮೇಲೆ ಹಾಲು ಉಕ್ಕುವ ಸದ್ದೂ ಕೇಳುತ್ತದೆ.

ಇದು ಹೊಸ ವಸ್ತುವೂ ಅಲ್ಲ. 1979ರಲ್ಲಿ ಸೋನಿ ಕಂಪೆನಿಯು ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಪ್ಲೇಯರನ್ನು ಹೊರತಂದಾಗ ಅದರೊಂದಿಗೆ ಕೊಟ್ಟದ್ದು ಇದೇ ಜಾತಿಯ ಹೆಡ್‌ಫೋನನ್ನು. ಅಮೆರಿಕದ ಕಾಸ್ ಕಂಪೆನಿಯ ಪೋರ್ಟಾ ಪ್ರೊ 1984ರಲ್ಲಿ ಬಂದು, ಹೆಚ್ಚುಕಡಿಮೆ ಅದೇ ರೂಪದಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಉಡುಪಿಯಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ ಇರುವ ನಾನು ಈ ಬಗೆಯ ಹೆಡ್‌ಫೋನುಗಳನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ, ಕೆಲವನ್ನು ಹಾಳುಮಾಡಿಯೂ ಇದ್ದೇನೆ. ಇಷ್ಟರಿಂದ ನಾನು ಕಂಡುಕೊಂಡದ್ದೇನೆಂದರೆ, ಇಂಥ ಹೆಡ್‌ಫೋನಿನ ನಾದವನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳಿಗಿಂತ ಹೆಚ್ಚಾಗಿ ಅದು ಕಿವಿಯ ಮೇಲೆ ಕುಳಿತ ಬಗೆಯೂ ನಾವು ಅದನ್ನು ಹಾಕಿಕೊಳ್ಳುವ ಜಾಗವೂ ನಿರ್ಧರಿಸುತ್ತವೆ.

ಕಿವಿಯ ಮೇಲೆ ಕುಳ್ಳಿರಿಸುವುದು

ಹೆಡ್‌ಫೋನಿನ ಒಳಗೆ ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್ ಅಗಲದ ತೆಳುವಾದ ಹಾಳೆಯೊಂದು ಹಿಂದೆ ಮುಂದೆ ಅದುರುತ್ತ ಗಾಳಿಯನ್ನು ತಳ್ಳುತ್ತದೆ. ತಾರ ಸ್ವರಗಳಿಗೆ ಈ ತಳ್ಳುವಿಕೆ ಅಲ್ಪವೇ ಸಾಕು. ಮಂದ್ರ ಸ್ವರಗಳು ಹಾಗಲ್ಲ. ಅವು ಕಿವಿಗೆ ತಲುಪಬೇಕಾದರೆ ಹಾಳೆಗೂ ಕಿವಿಗೂ ನಡುವಿನ ಗಾಳಿ ಪಕ್ಕದಿಂದ ಸೋರಿಹೋಗಬಾರದು. ಸ್ಪಂಜು ಕಿವಿಗೆ ಸರಿಯಾಗಿ ಅಂಟಿ ಕುಳಿತುಕೊಳ್ಳದಿದ್ದರೆ ಮೊದಲು ಕಳೆದುಹೋಗುವುದು ಬೇಸ್. ಅಂಗಡಿಯಲ್ಲಿ ತುಂಬಿಕೊಂಡು ಕೇಳಿದ ಹೆಡ್‌ಫೋನು ಮನೆಗೆ ಬಂದ ಮೇಲೆ ಬಡಕಲಾಗಿ ಕೇಳುವುದಕ್ಕೂ, ಗಂಡನಿಗೆ ಚೆನ್ನಾಗಿ ಕೇಳಿದ್ದು ಹೆಂಡತಿಗೆ ಸಪ್ಪೆಯಾಗಿ ಕೇಳುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಮದ್ದಳೆಯ ನುಡಿಕೆ ಚೆನ್ನಾಗಿ ದಾಖಲಾಗಿರುವ ಯಾವುದಾದರೂ ಯಕ್ಷಗಾನದ ಧ್ವನಿಮುದ್ರಣವನ್ನು ಹಾಕಿ, ಎರಡು ತೋರುಬೆರಳುಗಳಿಂದ ಹೆಡ್‌ಫೋನಿನ ಎರಡು ಬದಿಗಳನ್ನೂ ಮಲ್ಲಿಗೆ ಮೊಗ್ಗು ನಲುಗದಷ್ಟು ಮೆಲ್ಲಗೆ ಕಿವಿಯತ್ತ ಒತ್ತಬೇಕು. ಮದ್ದಳೆಯ ಎಡ ಮುಚ್ಚಿಗೆಯ, ಅಂದರೆ ಎಡಬದಿಯ ಚರ್ಮದ, ಗಂಭೀರ ನಾದ ತುಸುವೇ ಹೆಚ್ಚಾದರೆ ಹೆಡ್‌ಫೋನು ಚೆನ್ನಾಗಿ ಕುಳಿತಿದೆ ಎಂದು ತಿಳಿಯಬಹುದು. ಒತ್ತಿದ ಕೂಡಲೇ ಬೇರೆಯೇ ವಾದ್ಯವೊಂದು ಸೇರಿಕೊಂಡಂತೆ ಕೇಳಿದರೆ, ಬೆರಳು ತೆಗೆದಾಗ ನಾದ ಸೋರುತ್ತಿದೆ ಎಂದು ಅರ್ಥ. ಆಗ ಪಟ್ಟಿಯ ಉದ್ದವನ್ನು ಒಂದು ಮೆಟ್ಟಿಲು ಇಳಿಸಿ ಅಥವಾ ಏರಿಸಿ, ಸ್ಪಂಜಿನ ನಡುಭಾಗ ಕಿವಿಯ ತೂತಿನ ಎದುರಿಗೇ ಬರುವಂತೆ ಸರಿಸಿ, ಮತ್ತೆ ಒತ್ತಿ ನೋಡಬೇಕು. ಬಹಳ ಜನ ಹೆಡ್‌ಫೋನನ್ನು ಅಗತ್ಯಕ್ಕಿಂತ ಹಿಂದಕ್ಕೆ ಹಾಕಿಕೊಳ್ಳುತ್ತಾರೆ. ಅರ್ಧ ಅಂಗುಲ ಮುಂದಕ್ಕೆ ತಂದರೆ ಎಷ್ಟೋ ಸಲ ದೂರು ಅಲ್ಲಿಗೇ ಮುಗಿಯುತ್ತದೆ.

ಹಾಗೆಂದು ಪಟ್ಟಿಯ ಹಿಡಿತ ಬಿಗಿಯಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಕನ್ನಡಕ ಹಾಕುವವರಿಗೆ ಅದರ ಕಡ್ಡಿ ಕಿವಿಯ ಬುಡಕ್ಕೆ ಒತ್ತಿಕೊಂಡು ಇಪ್ಪತ್ತು ನಿಮಿಷದಲ್ಲಿ ನೋವು ಆರಂಭವಾಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಇದು ತಿಳಿಯುವುದಿಲ್ಲ. ಆದ್ದರಿಂದ ನೀವು ದಿನವೂ ಹಾಕುವ ಕನ್ನಡಕವನ್ನೇ ಹಾಕಿಕೊಂಡು, ಬೇರೆ ಮಾದರಿಗಳನ್ನು ನೋಡುವ ನೆಪದಲ್ಲಾದರೂ ಕಾಲು ಗಂಟೆ ಅದನ್ನು ತಲೆಯ ಮೇಲೇ ಇಟ್ಟುಕೊಳ್ಳುವುದು ಲೇಸು. ಬಿಗಿ ಹೆಚ್ಚಿದ್ದರೆ ಲೋಹದ ಪಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸಿ ಸರಿಪಡಿಸಬಹುದು, ಪ್ಲಾಸ್ಟಿಕ್ ಪಟ್ಟಿಯನ್ನು ಹಿಗ್ಗಿಸಲು ಹೋದರೆ ಮುರಿದೇ ಹೋಗುತ್ತದೆ. ಮುಡಿಗೆ ಹೂ ಮುಡಿಯುವವರಿಗೂ ತುರುಬು ಕಟ್ಟುವವರಿಗೂ ತಲೆಯ ಮೇಲಿನ ಪಟ್ಟಿ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಕತ್ತಿನ ಹಿಂದಿನಿಂದ ಬಳಸಿ ಬರುವ ಪಟ್ಟಿಯೇ ಅವರಿಗೆ ತೊಂದರೆ.

ನಾದವನ್ನು ಪರೀಕ್ಷಿಸುವುದು

ಪೆಟ್ಟಿಗೆಯ ಮೇಲೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದು ಅಚ್ಚಾಗಿರುತ್ತದೆ. ಎಳೆಯ ವಯಸ್ಸಿನ ಆರೋಗ್ಯವಂತ ಕಿವಿ ಕೇಳಬಲ್ಲ ವ್ಯಾಪ್ತಿ ಅಷ್ಟೇ, ವಯಸ್ಸಾದಂತೆ ಮೇಲಿನ ತುದಿ ತಾನಾಗಿ ಇಳಿಯುತ್ತ ಬರುತ್ತದೆ. ಈ ಅಂಕಿಯಲ್ಲಿರುವ ಕುಂದು ಏನೆಂದರೆ, ಆ ವ್ಯಾಪ್ತಿಯಲ್ಲಿ ಯಾವ ಸ್ವರ ಎಷ್ಟು ಜೋರಾಗಿ, ಯಾವುದು ಎಷ್ಟು ಮೆಲ್ಲಗೆ ಬರುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ. ಅಗ್ಗದ ಹೆಡ್‌ಫೋನಿನ ಮೇಲೂ ದುಬಾರಿಯದರ ಮೇಲೂ ಅದೇ ಅಂಕಿ ಇರುತ್ತದೆ. ನೋಡಬೇಕಾದ ಒಂದು ಅಂಕಿ ಇದ್ದರೆ ಅದು ಓಮ್ ಲೆಕ್ಕದಲ್ಲಿ ಕೊಟ್ಟಿರುವ ರೋಧ. 16ರಿಂದ 32 ಓಮ್ ಇದ್ದರೆ ಸಾಮಾನ್ಯವಾಗಿ ಫೋನಿನಲ್ಲೇ ಸುಲಭವಾಗಿ ಜೋರಾಗಿ ಕೇಳುತ್ತದೆ. ಪೋರ್ಟಾ ಪ್ರೊ 60 ಓಮ್ ಆಗಿದ್ದರೂ ಫೋನಿನಲ್ಲೇ ಸಾಕಷ್ಟು ಜೋರಾಗಿ ಕೇಳುತ್ತದೆ. ಇದಕ್ಕಿಂತ ಮೇಲಿನದು ಸ್ಟುಡಿಯೋದವರ ಚಿಂತೆ.

ಅಂಗಡಿಯವರು ತಮ್ಮ ಫೋನಿನಿಂದ ಹಾಕುವ ಹಾಡಿನಲ್ಲಿ ಯಾವ ಹೆಡ್‌ಫೋನೂ ಕೆಟ್ಟದಾಗಿ ಕೇಳುವುದಿಲ್ಲ, ಯಾಕೆಂದರೆ ಅವರು ಆರಿಸಿಟ್ಟುಕೊಂಡಿರುವುದೇ ಅಂಥ ಹಾಡನ್ನು. ನಿಮಗೆ ಬಾಯಿಪಾಠವಾಗುವಷ್ಟು ಪರಿಚಯವಿರುವ ಎರಡು ಮೂರು ಧ್ವನಿಮುದ್ರಣಗಳನ್ನು ನಿಮ್ಮ ಫೋನಿನಲ್ಲಿಯೇ ಇಟ್ಟುಕೊಂಡು ಹೋಗಬೇಕು. ನನ್ನ ಬಳಿ ಇರುವುದು ಒಂದು ತೆಂಕುತಿಟ್ಟಿನ ಯಕ್ಷಗಾನದಾಟದ ತುಣುಕು, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಒಂದು ತಾಳಮದ್ದಳೆ, ಮತ್ತು ಕೊಳಲಿನ ಒಂದು ಆಲಾಪ.

ಯಕ್ಷಗಾನದ ಹಿಮ್ಮೇಳ ಹೆಡ್‌ಫೋನಿನ ಪರೀಕ್ಷೆಗೆ ಬಹಳ ಒಳ್ಳೆಯದು, ಏಕೆಂದರೆ ಅದರಲ್ಲಿ ಕಿವಿಯ ಮೂರು ನೆಲೆಗಳಿಗೂ ಕೆಲಸವಿದೆ. ಚೆಂಡೆಯ ಪೆಟ್ಟಿನಲ್ಲಿ ಎರಡು ಅಂಶಗಳಿವೆ: ಕೋಲು ಚರ್ಮಕ್ಕೆ ತಾಗಿದ ಕ್ಷಣದ ಚುರುಕು, ಆಮೇಲೆ ಚರ್ಮ ಕಂಪಿಸಿ ಆರುವ ನಾದ. ಒಳ್ಳೆಯ ಹೆಡ್‌ಫೋನಿನಲ್ಲಿ ಇವೆರಡೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಕೆಟ್ಟದ್ದರಲ್ಲಿ, ಏರು ಪದಕ್ಕೆ ಚೆಂಡೆ ವೇಗ ಹಿಡಿದಾಗ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ತಗಡಿನ ಮಾಡಿನ ಮೇಲೆ ಮಳೆ ಸುರಿದಂತೆ ಒಂದೇ ಗದ್ದಲವಾಗುತ್ತದೆ. ಅದೇ ಗದ್ದಲದ ನಡುವೆ ಭಾಗವತರು ಹೇಳುವ ಪದದ ಸಾಹಿತ್ಯ ಅಕ್ಷರ ಅಕ್ಷರವಾಗಿ ಕೇಳಬೇಕು. ಚಕ್ರತಾಳದ ಝಣತ್ಕಾರ ಮುಳ್ಳಿನಂತೆ ಚುಚ್ಚಿದರೆ ಆ ಹೆಡ್‌ಫೋನಿನಲ್ಲಿ ಟ್ರೆಬಲನ್ನು, ಅಂದರೆ ತಾರ ಸ್ವರಗಳನ್ನು, ಬೇಕೆಂದೇ ಏರಿಸಿದ್ದಾರೆ. ಅಂಗಡಿಯಲ್ಲಿ ಎರಡು ನಿಮಿಷ ಅದು ಸ್ಪಷ್ಟತೆಯಂತೆ ಕೇಳಿ, ಮನೆಯಲ್ಲಿ ಎರಡು ಗಂಟೆಗೆ ತಲೆನೋವಾಗುತ್ತದೆ. ಇನ್ನು ಮದ್ದಳೆ. ಸಣ್ಣ ಹೆಡ್‌ಫೋನು ಅತಿ ಮಂದ್ರವಾದ ನಾದವನ್ನು ಪೂರ್ತಿಯಾಗಿ ಹೊರಡಿಸಲಾರದು, ಆದರೂ ನಮಗೆ ಮದ್ದಳೆ ಮದ್ದಳೆಯಂತೆಯೇ ಕೇಳುತ್ತದೆ. ಮೂಲ ಸ್ವರ ಕ್ಷೀಣವಾಗಿದ್ದರೂ ಅದರ ಮೇಲಿನ ಅನುಸ್ವರಗಳಿಂದ ಮೂಲವನ್ನು ಊಹಿಸಿಕೊಳ್ಳುವ ಶಕ್ತಿ ನಮ್ಮ ಮಿದುಳಿಗಿದೆ. ಆದುದರಿಂದ ಬೇಸ್ ಎದೆಗೆ ಗುದ್ದುತ್ತದೆಯೇ ಎಂದು ನೋಡುವುದಕ್ಕಿಂತ, ಮದ್ದಳೆಯ ಬಲಗೈ ಎಡಗೈ ನುಡಿತಗಳ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಗಮನಿಸುವುದು ಸರಿಯಾದ ಕ್ರಮ.

ತಾಳಮದ್ದಳೆಯನ್ನು ಬೇರೊಂದು ಕಾರಣಕ್ಕೆ ಇಟ್ಟುಕೊಂಡಿದ್ದೇನೆ. ಗಂಟೆಗಟ್ಟಲೆ ಮಾತು ಕೇಳುವುದಕ್ಕೆ ಬೇಕಾದ ಹೆಡ್‌ಫೋನು ಬೇರೆ. ಅರ್ಥಧಾರಿಯ ಸ-ಶ-ಷಕಾರಗಳು ಸೀಟಿ ಹೊಡೆದಂತೆ ಕೇಳಬಾರದು, ಧ್ವನಿ ಡಬ್ಬಿಯೊಳಗಿನಿಂದ ಬಂದಂತೆಯೂ ಇರಬಾರದು. ಕೊಳಲಿನ ಆಲಾಪದಲ್ಲಿ ನಾನು ಕೇಳುವುದು ಸ್ವರ ಮುಗಿಯುವ ಕೊನೆಯನ್ನು: ಉಸಿರು ತೆಳುವಾಗುತ್ತ ಹೋಗುವುದು ಕಡೆಯವರೆಗೂ ಕೇಳಿದರೆ ಆ ಹೆಡ್‌ಫೋನು ಮೆಲ್ಲಗಿನ ವಾಲ್ಯೂಮಿನಲ್ಲಿಯೂ ಕೆಲಸ ಮಾಡುತ್ತದೆ.

ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಎರಡರ ಸದ್ದೂ ಕಿವಿಗೆ ಸಮನಾಗಿ ಕೇಳುವಂತೆ ವಾಲ್ಯೂಮನ್ನು ಹೊಂದಿಸಿಕೊಳ್ಳುವುದು ಮುಖ್ಯ. ಕೊಂಚ ಜೋರಾಗಿರುವುದನ್ನೇ ಉತ್ತಮವೆಂದು ತಿಳಿಯುವುದು ಕಿವಿಯ ಸಹಜ ಗುಣ. ಎಷ್ಟೋ ಮಂದಿ ಒಳ್ಳೆಯದನ್ನು ಬಿಟ್ಟು ಜೋರಿನದನ್ನು ಮನೆಗೆ ತಂದಿದ್ದಾರೆ, ಅವರಲ್ಲಿ ನಾನೂ ಒಬ್ಬ.

ಹಳೆಯ ಆಟಗಳ ಧ್ವನಿಮುದ್ರಣಗಳಲ್ಲಿ ಬಹಳಷ್ಟು ಕ್ಯಾಸೆಟ್ಟಿನಿಂದ ಇಳಿಸಿಕೊಂಡವು ಎಂಬುದನ್ನೂ ನೆನಪಿಡಬೇಕು. ಅವುಗಳ ಹಿಂದೆ ಟೇಪಿನ ಸುಯ್ಯೆನ್ನುವ ಸದ್ದು ಸದಾ ಇರುತ್ತದೆ, ಒಳ್ಳೆಯ ಹೆಡ್‌ಫೋನು ಅದನ್ನು ಹೋಗಲಾಡಿಸುವುದಿಲ್ಲ, ಟ್ರೆಬಲ್ ಹೆಚ್ಚಿರುವುದಂತೂ ಅದನ್ನೇ ಎತ್ತಿ ಹಿಡಿಯುತ್ತದೆ. ಮಂದ್ರ, ತಾರ ನಾದಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರಿನಲ್ಲಿ ತಾರದ ತುದಿಯ ಎರಡು ಕಡ್ಡಿಗಳನ್ನು ಸ್ವಲ್ಪ ಇಳಿಸಿದರೆ ಕಿವಿಗೆ ಹಿತವಾಗುತ್ತದೆ. ಕೆಲವು ಮುದ್ರಣಗಳಲ್ಲಿ ಸದ್ದು ಒಂದೇ ಕಿವಿಗೆ ಬರುತ್ತದೆ; ಫೋನಿನ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಮೊನೊ ಆಡಿಯೋ ಎಂಬುದನ್ನು ಆನ್ ಮಾಡಿದರೆ ಎರಡು ಕಿವಿಗೂ ಹಂಚಿಕೆಯಾಗುತ್ತದೆ.

ಬಸ್ಸಿನಲ್ಲಿ

ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಂದು ದಾಟುತ್ತ ಹೋಗುವಾಗ ಎಂಜಿನ್ನಿನ ಗುಡುಗುಡು ಸದ್ದು ಒಂದೇ ಸಮನೆ ಕಾಲಿನಿಂದ ತಲೆಯವರೆಗೆ ಅದುರಿಸುತ್ತಿರುತ್ತದೆ. ಈ ಸದ್ದು ಮಂದ್ರದ ನೆಲೆಯದ್ದು. ಅದೇ ನೆಲೆಯಲ್ಲಿರುವ ಮದ್ದಳೆಯನ್ನೂ ಶ್ರುತಿಯ ಕೆಳಷಡ್ಜವನ್ನೂ ಅದು ನುಂಗಿಬಿಡುತ್ತದೆ. ಸ್ಪಂಜಿನ ಹೆಡ್‌ಫೋನು ಹೊರಗಿನ ಸದ್ದನ್ನು ತಡೆಯುವುದು ಅತ್ಯಲ್ಪ. ಹಾಗಾಗಿ ಕೇಳುವವರು ತಮಗರಿವಿಲ್ಲದೆಯೇ ವಾಲ್ಯೂಮ್ ಏರಿಸುತ್ತ ಹೋಗುತ್ತಾರೆ. ಹೆಜಮಾಡಿಗೆ ಬರುವಷ್ಟರಲ್ಲಿ ಪಕ್ಕದ ಸೀಟಿನವರಿಗೂ ಪದ ಕೇಳುತ್ತಿರುತ್ತದೆ.

ಇದರ ಬೆಲೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬಲ್ ಮಟ್ಟದಲ್ಲಿ ಕೇಳಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಮಕ್ಕಳಿಗೆ ಅದು 75 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದಂತೆಲ್ಲ ಅದರ ಶಕ್ತಿ ಇಮ್ಮಡಿಯಾಗುವುದರಿಂದ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೋಗುವಾಗ ಒಂದೂವರೆ, ಬರುವಾಗ ಒಂದೂವರೆ ಎಂದು ದಿನಕ್ಕೆ 3 ಗಂಟೆ, ವಾರಕ್ಕೆ ಆರು ದಿನ ಬಸ್ಸಿನಲ್ಲಿ ಕೇಳುವವರಿಗೆ 18 ಗಂಟೆಯಾಯಿತು. 83 ಡೆಸಿಬಲ್‌ನಲ್ಲಿ ಕೇಳಿದರೆ ವಾರದ ಪಾಲು ಬಸ್ಸಿನಲ್ಲೇ ಬಹುತೇಕ ಮುಗಿಯುತ್ತದೆ. 86ರಲ್ಲಿ ಕೇಳಿದರೆ ಸೋಮವಾರ ಹೊರಟವರ ಪಾಲು ಗುರುವಾರ ಬೆಳಗಿನ ಬಸ್ಸು ಮಂಗಳೂರು ಮುಟ್ಟುವ ಮೊದಲೇ ತೀರಿರುತ್ತದೆ. ಮನೆಯಲ್ಲಿ ಡೆಸಿಬಲ್ ಅಳೆಯುವ ಸಾಧನ ಇರುವುದಿಲ್ಲವಾದ್ದರಿಂದ ನಾನು ಪಾಲಿಸುವ ಉಪಾಯ ಹೀಗಿದೆ. ರಾತ್ರಿ ಮನೆ ಸದ್ದಡಗಿದ ಮೇಲೆ ಹಿತವಾಗಿ ಕೇಳುವಷ್ಟಕ್ಕೆ ವಾಲ್ಯೂಮ್ ಇಟ್ಟು, ಅದು ಎಷ್ಟನೆಯ ಮೆಟ್ಟಿಲು ಎಂದು ಗುರುತಿಟ್ಟುಕೊಳ್ಳುವುದು. ನನ್ನ ಫೋನಿನ ಹದಿನೈದು ಮೆಟ್ಟಿಲುಗಳಲ್ಲಿ ಅದು ಐದನೆಯದು. ಹೊರಗೆ ಎಲ್ಲೇ ಹೋದರೂ ಅದಕ್ಕಿಂತ ಎರಡು ಮೆಟ್ಟಿಲಿಗಿಂತ ಹೆಚ್ಚು ಏರಿಸುವುದಿಲ್ಲ. ಏಳರಲ್ಲಿಯೂ ಕೇಳದಿದ್ದರೆ ಅದು ಕೇಳುವ ಜಾಗವಲ್ಲವೆಂದು ಹೆಡ್‌ಫೋನು ತೆಗೆದು ಚೀಲಕ್ಕೆ ಹಾಕುತ್ತೇನೆ.

ನನ್ನ ಅಭಿಪ್ರಾಯದಲ್ಲಿ ದಿನವೂ ಬಸ್ಸಿನಲ್ಲಿ ಸಂಗೀತ ಕೇಳಲೇಬೇಕು ಎನ್ನುವವರು ಹಗುರ ಸ್ಪಂಜಿನ ಹೆಡ್‌ಫೋನನ್ನು ಕೊಳ್ಳಬಾರದು. ಅವರಿಗೆ ಕಿವಿಯ ಒಳಗೆ ಕೂರುವ ರಬ್ಬರ್ ಬಿರಡೆಯ ಇಯರ್‌ಫೋನು ಅಥವಾ ನಾಯ್ಸ್ ಕ್ಯಾನ್ಸಲಿಂಗ್ ಇರುವಂಥದ್ದು ಸರಿ. ನಾಯ್ಸ್ ಕ್ಯಾನ್ಸಲಿಂಗ್ ಎಂಬುದು ಹೊರಗಿನ ಸದ್ದನ್ನು ಮೈಕಿನಿಂದ ಆಲಿಸಿ ಅದಕ್ಕೆ ವಿರುದ್ಧವಾದ ಅಲೆಯನ್ನು ಹೊರಡಿಸಿ ಎರಡನ್ನೂ ಒಂದಕ್ಕೊಂದು ಕಳೆಯುವ ವಿಧಾನ. ಎಂಜಿನ್ನಿನಂತೆ ಒಂದೇ ಸಮನೆ ಬರುವ ತಗ್ಗು ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮ ಬಸ್ಸುಗಳ ಹಾರನ್ನಿಗೆ ಮಾತ್ರ ಸೋಲುತ್ತದೆ. ಹಗುರ ಹೆಡ್‌ಫೋನಿನಲ್ಲಿ ಬಸ್ಸಿಗೆ ಒಗ್ಗುವುದು ಮಾತು ಮಾತ್ರ, ಯಾಕೆಂದರೆ ಮಾತನ್ನು ಸ್ಪಷ್ಟಗೊಳಿಸುವ ವ್ಯಂಜನಗಳು ಎಂಜಿನ್ನಿನ ಸದ್ದಿಗಿಂತ ಬಹಳ ಮೇಲಿನ ನೆಲೆಯಲ್ಲಿವೆ. ಸ್ಕೂಟರ್ ಓಡಿಸುವಾಗ, ಹೆದ್ದಾರಿ ದಾಟುವಾಗ, ರೈಲು ಹಳಿಯ ಹತ್ತಿರ ಯಾವ ಬಗೆಯ ಹೆಡ್‌ಫೋನೂ ಕಿವಿಯಲ್ಲಿರಬಾರದು.

ವಯರೋ ಬ್ಲೂಟೂತೋ

ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಅಡುಗೆಮನೆಯಲ್ಲಿ ಓಡಾಡುತ್ತ ಕೇಳುವವರಿಗೆ ವಯರು ಕುಕ್ಕರಿನ ಹಿಡಿಗೆ ಸಿಕ್ಕಿಕೊಳ್ಳುವುದಕ್ಕಿಂತ ಬ್ಲೂಟೂತ್ ಎಷ್ಟೋ ವಾಸಿ. ನನ್ನ ತಾಯಿ ತೆಂಗಿನಕಾಯಿ ತುರಿಯುವಾಗ ಬ್ಲೂಟೂತಿನದನ್ನೇ ಹಾಕಿಕೊಳ್ಳುತ್ತಾರೆ, ಮಿಕ್ಸಿ ಹಾಕುವಾಗ ಮಾತ್ರ ಕತ್ತಿಗಿಳಿಸುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋಗಿ ದಿನವಿಡೀ ಬಾರದಿದ್ದಾಗ ಚಾರ್ಜ್ ಬೇಡದ ವಯರಿನ ಹೆಡ್‌ಫೋನಿನ ಬೆಲೆ ತಿಳಿಯುತ್ತದೆ.

ಬ್ಲೂಟೂತಿನಲ್ಲಿ ಸಂಗೀತವನ್ನು ಒತ್ತಿ ಸಣ್ಣದಾಗಿಸಿ ಕಳುಹಿಸುವ ಕ್ರಮಗಳು ಹಲವಿವೆ. ಎಲ್ಲ ಹೆಡ್‌ಫೋನುಗಳಲ್ಲೂ ಇರುವ ಎಸ್‌ಬಿಸಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಸಾಗಿಸುತ್ತದೆ. ಸೋನಿಯ ಎಲ್‌ಡಿಎಸಿ 990ರವರೆಗೆ. ಜಾಹೀರಾತುಗಳಲ್ಲಿ ಈ ವ್ಯತ್ಯಾಸಕ್ಕೆ ಸಿಗುವಷ್ಟು ಮಹತ್ತ್ವ ಹಗುರ ಹೆಡ್‌ಫೋನಿನಲ್ಲಿ ಅದಕ್ಕಿಲ್ಲ. ಸ್ಪಂಜು ಅರ್ಧ ಅಂಗುಲ ಸರಿದರೆ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ನಿಜವಾಗಿ ಕಿವಿಗೆ ತಟ್ಟುವುದು ಕರೆ ಬಂದಾಗ. ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಹೆಡ್‌ಫೋನು ಕರೆಯ ವಿಧಾನಕ್ಕೆ ಬದಲಾಗಿ, ಸ್ಟೀರಿಯೋ ಹೋಗಿ, ಹಳೆಯ ಟೆಲಿಫೋನಿನಂತೆ ಕೇಳತೊಡಗುತ್ತದೆ. ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ಮೀಟಿಂಗಿಗೆ ಕುಳಿತವರು ಹೆಡ್‌ಫೋನು ಕೆಟ್ಟಿತೆಂದು ಗಾಬರಿಯಾಗುವುದು ಇದೇ ಕಾರಣಕ್ಕೆ. ಮೀಟಿಂಗಿನ ಸೆಟ್ಟಿಂಗಿನಲ್ಲಿ ಮೈಕಿನ ಜಾಗಕ್ಕೆ ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿ, ಹೆಡ್‌ಫೋನನ್ನು ಕೇಳುವುದಕ್ಕೆ ಮಾತ್ರ ಇಟ್ಟುಕೊಂಡರೆ ನಾದ ಮರಳಿ ಬರುತ್ತದೆ.

ಬ್ಲೂಟೂತಿನಲ್ಲಿ ಸದ್ದು ಒಂದು ಕ್ಷಣ ತಡವಾಗಿ ಬರುತ್ತದೆ. ವಿಡಿಯೋ ನೋಡುವಾಗ ಆ್ಯಪುಗಳು ಇದನ್ನು ಬಹುಮಟ್ಟಿಗೆ ಹೊಂದಿಸಿಕೊಳ್ಳುತ್ತವೆ, ಆದರೆ ಆನ್‌ಲೈನಿನಲ್ಲಿ ಮದ್ದಳೆಯನ್ನೋ ಹಾಡನ್ನೋ ಕಲಿಯುವ ಮಕ್ಕಳು ಗುರುಗಳ ತಾಳಕ್ಕೆ ಕೂಡಿಸಲು ಹೋದಾಗ ಇರುವ ತಡದ ಮೇಲೆ ಇನ್ನೊಂದು ತಡ ಸೇರಿಕೊಳ್ಳುತ್ತದೆ. ಅಂಥವರಿಗೆ ವಯರಿನದ್ದೇ ಬೇಕು.

ಹಲವು ಹೊಸ ಫೋನುಗಳಲ್ಲಿ 3.5 ಮಿಲಿಮೀಟರ್ ಪಿನ್ನಿನ ತೂತು ಇಲ್ಲದಿರುವುದರಿಂದ ಟೈಪ್-ಸಿ ಪರಿವರ್ತಕ ಕೊಳ್ಳಬೇಕಾಗುತ್ತದೆ. ಇವುಗಳಲ್ಲಿ ಎರಡು ಜಾತಿ. ಫೋನಿನ ಡಿಜಿಟಲ್ ಅಂಕಿಗಳನ್ನು ನಾದದ ವಿದ್ಯುತ್ತಾಗಿ ಬದಲಿಸುವ ಡಿಎಸಿ ಎಂಬ ಚಿಪ್ಪನ್ನು ಒಳಗೇ ಇಟ್ಟುಕೊಂಡದ್ದು ಹೆಚ್ಚುಕಡಿಮೆ ಎಲ್ಲ ಫೋನುಗಳಲ್ಲಿ ನಡೆಯುತ್ತದೆ. ಬರೀ ತಂತಿಗಳನ್ನು ಜೋಡಿಸಿದ್ದು ಕೆಲವು ಫೋನುಗಳಲ್ಲಿ ಮಾತ್ರ. ಕೊಳ್ಳುವ ಮೊದಲು ನಿಮ್ಮ ಫೋನಿಗೇ ಹಾಕಿ ನೋಡಿಕೊಳ್ಳುವುದು ಕ್ಷೇಮ. ತೂತು ಉಳಿದಿರುವ ಫೋನಿನವರಿಗೆ ಇನ್ನೊಂದು ಲಾಭವಿದೆ: ಫೋನಿನಲ್ಲಿ ಎಫ್‌ಎಂ ರೇಡಿಯೋ ಇದ್ದರೆ ಅದು ಹೆಡ್‌ಫೋನಿನ ವಯರನ್ನೇ ಆಂಟೆನಾ ಮಾಡಿಕೊಳ್ಳುತ್ತದೆ. ಮಂಗಳೂರು ಆಕಾಶವಾಣಿಯ 100.3, ರೇಡಿಯೋ ಸಾರಂಗಿನ 107.8, ರೇಡಿಯೋ ಮಣಿಪಾಲಿನ 90.4 ಇವುಗಳನ್ನು ಡೇಟಾ ಖರ್ಚಿಲ್ಲದೆ ಕೇಳಬಹುದು. ವಯರನ್ನು ಜೇಬಿನಲ್ಲಿ ಮುದುರಿಡದೆ ನೇರವಾಗಿ ಇಳಿಬಿಟ್ಟರೆ ಕರಕರ ಸದ್ದು ಕಡಿಮೆಯಾಗುತ್ತದೆ.

ಮಳೆ, ಉಪ್ಪುಗಾಳಿ, ತೆಂಗಿನೆಣ್ಣೆ

ವರ್ಷಕ್ಕೆ 3,500 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಸದಾ ಬೀಸುವ ನಮ್ಮ ಕರಾವಳಿಯಲ್ಲಿ ಹೆಡ್‌ಫೋನು ಕೆಡುವ ಬಗೆಯೇ ಬೇರೆ. ಮೊದಲು ಹೋಗುವುದು ಸ್ಪಂಜು. ಈ ಸ್ಪಂಜು ಪಾಲಿಯುರೆಥೇನ್ ಎಂಬ ವಸ್ತುವಿನದ್ದು. ಗಾಳಿಯ ತೇವಾಂಶವೇ ಅದನ್ನು ನಿಧಾನವಾಗಿ ಒಡೆಯುತ್ತದೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗೆ ಭದ್ರವಾಗಿ ಇಟ್ಟು ಮರೆತ ಹೆಡ್‌ಫೋನನ್ನು ದೀಪಾವಳಿಗೆ ತೆಗೆದರೆ ಸ್ಪಂಜು ಮುಟ್ಟಿದಲ್ಲಿ ಪುಡಿಯಾಗಿ, ಕಪ್ಪು ಅಂಟಾಗಿ ಕಿವಿಗೆ ಮೆತ್ತಿಕೊಳ್ಳುತ್ತದೆ. ಕೃತಕ ಚರ್ಮದ ಮೆತ್ತೆಯೂ ಹೀಗೆಯೇ ಹಪ್ಪಳದಂತೆ ಏಳುತ್ತದೆ. ಬಳಸದೆ ಇಟ್ಟದ್ದಕ್ಕಿಂತ ದಿನವೂ ಬಳಸಿ ಗಾಳಿಗೆ ನೇತುಹಾಕಿದ್ದು ಹೆಚ್ಚು ಬಾಳುತ್ತದೆ ಎಂಬುದು ನನ್ನ ಅನುಭವ.

ತಲೆಗೆ ತೆಂಗಿನೆಣ್ಣೆ ಹಚ್ಚುವ ಮನೆಗಳಲ್ಲಿ ಸ್ಪಂಜು ಎಣ್ಣೆ ಕುಡಿದು ಗಟ್ಟಿಯಾಗುವುದು ಇನ್ನೊಂದು ತೊಂದರೆ. ಗಟ್ಟಿಯಾದ ಸ್ಪಂಜು ಕಿವಿಗೆ ಒಗ್ಗದೆ ಬೇಸ್ ಸೋರಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ಬಿಡಿಸಿ ತೊಳೆಯಬೇಕು. ಸ್ಪಂಜಿನ ಹಿಂದೆ ಚೀಲದ ಬಾಯಿಯಂಥ ಅಂಚು ಇರುತ್ತದೆ. ಅದರೊಳಗೆ ಉಗುರು ತೂರಿಸಿ ಸುತ್ತಲೂ ಮೆಲ್ಲಗೆ ಎಬ್ಬಿಸುತ್ತ ಬಂದರೆ ಕಳಚಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಹನಿ ಶ್ಯಾಂಪೂ ಹಾಕಿ ಹಿಸುಕಿ, ಹಿಂಡದೆ, ಹಳೆಯ ಪಂಚೆಯ ಮಡಿಕೆಯೊಳಗಿಟ್ಟು ಒತ್ತಿ ನೀರು ತೆಗೆದು ನೆರಳಿನಲ್ಲಿ ಒಣಗಿಸಬೇಕು. ಮತ್ತೆ ಹಾಕುವಾಗ ಅಂಚಿನ ಒಂದು ಬದಿಯನ್ನು ಸಿಕ್ಕಿಸಿ, ದಿಂಬಿಗೆ ಗವಸು ತೊಡಿಸುವಂತೆ ಸುತ್ತ ಎಳೆಯುತ್ತ ಬರುವುದು. ಹೊಸದನ್ನು ಕೊಳ್ಳುವುದಾದರೆ ಹಳೆಯದರಷ್ಟೇ ದಪ್ಪದ್ದನ್ನು ಆರಿಸಬೇಕು. ಮೆತ್ತಗಿದೆಯೆಂದು ದಪ್ಪ ಸ್ಪಂಜು ಹಾಕಿದರೆ ಹಾಳೆಗೂ ಕಿವಿಗೂ ಅಂತರ ಹೆಚ್ಚಿ ನಾದದ ಸಮತೋಲ ಬದಲಾಗುತ್ತದೆ.

ಉಪ್ಪುಗಾಳಿಗೆ ಪಿನ್ನಿನ ಮೇಲೆ ಮಸುಕು ಪೊರೆ ಬಂದು ಕರಕರ ಸದ್ದು ಆರಂಭವಾಗುತ್ತದೆ. ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿ ಬಟ್ಟೆಗೆ ತಾಗಿಸಿ ಒರೆಸಿ, ಪೂರ್ತಿ ಆರಿದ ಮೇಲೆ ಫೋನಿಗೆ ಹಾಕಬೇಕು. ಫೋನಿನ ತೂತಿನೊಳಗೆ ಜೇಬಿನ ನೂಲು ಸೇರಿಕೊಂಡಿದ್ದರೆ ಪಿನ್ನು ಕೊನೆಯವರೆಗೆ ಇಳಿಯುವುದಿಲ್ಲ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಬಹುದು, ಸೂಜಿಯಿಂದ ಬೇಡ. ಬ್ಲೂಟೂತ್ ಹೆಡ್‌ಫೋನಿನ ಮೇಲೆ ಐಪಿಎಕ್ಸ್4 ಎಂದು ಬರೆದಿದ್ದರೆ ಅದು ತುಂತುರು ಹನಿಗೆ ತಾಳುತ್ತದೆ ಎಂದಷ್ಟೇ ಅರ್ಥ, ಕೊಡೆ ಮರೆತ ಜುಲೈ ತಿಂಗಳ ಮಳೆಗಲ್ಲ. ನೆನೆದರೆ ಕೂಡಲೇ ಆಫ್ ಮಾಡಿ ಫ್ಯಾನಿನ ಕೆಳಗೆ ಒಂದು ದಿನ ಇಡಬೇಕು, ಒಣಗುವ ಮೊದಲು ಚಾರ್ಜಿಗೆ ಹಾಕಲೇಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಪದ್ಧತಿಯಿಂದ ಅಕ್ಕಿಯ ಹುಡಿ ಜಾಲರಿಯೊಳಗೆ ಸೇರುವುದಲ್ಲದೆ ಬೇರೆ ಪ್ರಯೋಜನವನ್ನು ನಾನು ಕಂಡಿಲ್ಲ. ಹೊಸ ಚಪ್ಪಲಿ, ಚೀಲಗಳೊಂದಿಗೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟರೆ, ಗಾಳಿಯಾಡದ ಡಬ್ಬಿಯಲ್ಲಿ ಹೆಡ್‌ಫೋನಿನ ಜೊತೆ ಇಡುವುದಕ್ಕೆ ಆಗುತ್ತದೆ.

ಮಾತು ಮಾಯವಾದರೆ

ಒಮ್ಮೆ ಸಂಜೆಯ ಬಸ್ಸಿನಲ್ಲಿ ತಾಳಮದ್ದಳೆ ಕೇಳುತ್ತಿದ್ದಾಗ, ಒಳ್ಳೆಯ ಸಂವಾದದ ನಡುವೆ ಅರ್ಥಧಾರಿಗಳಿಬ್ಬರ ಧ್ವನಿಯೂ ಬಾವಿಯೊಳಗೆ ಇಳಿದಂತಾಗಿ ಬಹುತೇಕ ಅಳಿಸಿಹೋಯಿತು. ಬೇರೊಂದು ಸಿನಿಮಾ ಹಾಡು ಹಾಕಿದರೆ ವಾದ್ಯಗಳು ಟೊಳ್ಳಾಗಿ ಕೇಳುತ್ತಿದ್ದವು, ಗಾಯಕರ ಧ್ವನಿ ಮಾತ್ರ ಇರಲಿಲ್ಲ. ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದಾಗ ಮುಟ್ಟಿಯೂ ನೋಡದೆ ಒಳಗಿನ ಸ್ಪೀಕರ್ ಹೋಗಿದೆ, ಹೊಸದು ಕೊಳ್ಳಿ ಎಂದುಬಿಟ್ಟರು. ಸ್ಪೀಕರಿಗೆ ಏನೂ ಆಗಿರಲಿಲ್ಲ. ಎಡ ಬಲ ಎರಡೂ ಬದಿಗಳ ವಿದ್ಯುತ್ತು ಮರಳಿ ಹೋಗಬೇಕಾದ ಸಮಾನ ತಂತಿ, ಅಂದರೆ ಗ್ರೌಂಡ್, ಪಿನ್ನಿನ ಬುಡದಲ್ಲಿ ತುಂಡಾಗಿತ್ತು. ಆಗ ಎರಡು ಸ್ಪೀಕರುಗಳೂ ಒಂದರ ಹಿಂದೊಂದು ಸೇರಿಕೊಂಡು, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನಷ್ಟೇ ನುಡಿಸುತ್ತವೆ. ಮಾತು ಎರಡು ಬದಿಯಲ್ಲೂ ಸಮನಾಗಿರುವುದರಿಂದ ಕಳೆದಾಗ ಸೊನ್ನೆಯಾಗುತ್ತದೆ. ಈ ಲಕ್ಷಣ ಕಂಡರೆ ಹೆಡ್‌ಫೋನನ್ನು ಎಸೆಯಬಾರದು.

ತಂತಿ ತುಂಡಾಗುವುದು ಸಾಮಾನ್ಯವಾಗಿ ಪಿನ್ನಿನಿಂದ ಎರಡು ಮೂರು ಸೆಂಟಿಮೀಟರಿನೊಳಗೆ ಅಥವಾ ವಯರು ಎರಡಾಗಿ ಕವಲೊಡೆಯುವಲ್ಲಿ. ಮಾತಿನ ಮುದ್ರಣವೊಂದನ್ನು ಹಾಕಿ, ಬುಡದಿಂದ ಆರಂಭಿಸಿ ಬೆರಳಗಲ ಬೆರಳಗಲವಾಗಿ ಬಗ್ಗಿಸುತ್ತ ಬಂದರೆ ಧ್ವನಿ ಒಮ್ಮೆ ಮರಳಿ ಬಂದು ಹೋಗುವ ಜಾಗವೇ ತುಂಡಾದ ಜಾಗ. ಅದಕ್ಕಿಂತ ತುಸು ಮೇಲೆ, ಹೆಡ್‌ಫೋನಿನ ಕಡೆಗೆ ಕತ್ತರಿಸಿ ಹೊಸ ಪಿನ್ನು ಬೆಸೆಯಬೇಕು. ಪಿನ್ನಿನ ಮೇಲೆ ಎರಡು ಕಪ್ಪು ಬಳೆಗಳಿದ್ದರೆ ಅದು ಮೈಕ್ ಇಲ್ಲದ್ದು, ಮೂರಿದ್ದರೆ ಮೈಕ್ ಇರುವಂಥದ್ದು. ಹಳೆಯದರಲ್ಲಿ ಇದ್ದಷ್ಟೇ ಬಳೆಗಳ ಪಿನ್ನನ್ನು ತರಬೇಕು. ಒಳಗಿನ ಕೂದಲೆಳೆಯ ತಂತಿಗಳಲ್ಲಿ ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡಿಗೆ. ಆ ಬಣ್ಣವೆಂಬುದು ತಂತಿಗೆ ಬಳಿದ ಅರಗಿನಂಥ ಲೇಪ. ಅದನ್ನು ಬೆಸುಗೆಯ ಕಡ್ಡಿಯ ಬಿಸಿಯಲ್ಲಿ ಸುಟ್ಟು ಅಥವಾ ಬ್ಲೇಡಿನಿಂದ ಕೆರೆದು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ಅಂಟಿದಂತೆ ಕಂಡರೂ ಎರಡು ದಿನದಲ್ಲಿ ಬಿಟ್ಟುಕೊಳ್ಳುತ್ತದೆ. ಬೇರೆಯವರಿಂದ ಮಾಡಿಸುವುದಾದರೂ ಅಂಗಡಿ ಬಿಡುವ ಮೊದಲು ಒಬ್ಬರೇ ಮಾತನಾಡುವ ಮುದ್ರಣವೊಂದನ್ನು ಹಾಕಿ ಕೇಳಿ. ಧ್ವನಿ ತಲೆಯ ನಟ್ಟನಡುವೆ ನಿಂತರೆ ಕೆಲಸ ಸರಿಯಾಗಿದೆ. ನಡುವೆ ನಿಲ್ಲದೆ ಎರಡು ಕಿವಿಗಳ ಆಚೆಗೆ ಚದುರಿದಂತೆ ಕೇಳಿದರೆ ಒಂದು ಬದಿಯ ಎರಡು ತಂತಿಗಳು ಅದಲುಬದಲಾಗಿವೆ, ದುಡ್ಡು ಕೊಡುವ ಮೊದಲೇ ಪಿನ್ನನ್ನು ಮತ್ತೆ ಬಿಚ್ಚಿಸಬೇಕು.